ಪಂಚಾಯತ್ ಕಟ್ಟಡದವರೆಗೆ ಬಂದ ತಂತಿ

ಬಂಟ್ವಾಳಕ್ಕೆ 08255, ಬೆಳ್ತಂಗಡಿಗೆ 08256, ಮೂಡುಬಿದಿರೆಗೆ 08258. ನನ್ನ ವಯಸ್ಸಿನವರಿಗೆ ಈ ಸಂಖ್ಯೆಗಳು ಈಗಲೂ ಬಾಯಿಪಾಠ. ಮೂಡುಬಿದಿರೆಯದು ಸ್ವಲ್ಪ ತಮಾಷೆ. ಅದರ ಕೋಡ್ ಕಾರ್ಕಳದ್ದು. 1997ರಲ್ಲಿ ಕಾರ್ಕಳ ಉಡುಪಿ ಜಿಲ್ಲೆಗೆ ಹೋಯಿತು, ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿಯಿತು, ಆಮೇಲೆ ತಾನೇ ಒಂದು ತಾಲ್ಲೂಕೂ ಆಯಿತು. ಟೆಲಿಫೋನ್ ಇಲಾಖೆಯ ನಕ್ಷೆ ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಸರ್ಕಾರ ಫೋನಿಗಾಗಿ ಎಳೆದ ಗೆರೆಗಳಿಗೂ ಜನ ಬದುಕುವ ನೆಲಕ್ಕೂ ತಾಳೆಯಾಗದ ಕಥೆ ನನಗೆ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮಲ್ಲಿ ತಂತಿ ಎಳೆಯುವ ಹಕ್ಕು 1885ರ ಟೆಲಿಗ್ರಾಫ್ ಕಾಯಿದೆಯಿಂದಲೇ ಸರ್ಕಾರದ್ದು. ನೂರು ವರ್ಷ ಆ ತಂತಿ ಹೆಚ್ಚಾಗಿ ಪೇಟೆಗಳಲ್ಲೇ ಓಡಾಡಿತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗೆಂದೇ ಒಂದು ಪುಟ್ಟ ಎಕ್ಸ್‌ಚೇಂಜ್ ರೂಪಿಸಿತು. ಧೂಳು, ಸೆಕೆ ತಡೆದುಕೊಳ್ಳುವ, ಹವಾನಿಯಂತ್ರಣ ಬೇಡದ ಯಂತ್ರ ಅದು. ಅದರಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸ ಶುರುಮಾಡಿತು. ಚೆನ್ನಮ್ಮನ ಕಿತ್ತೂರಿಗೆ ಹೀಗೊಂದು ಚರಿತ್ರೆಯೂ ಇದೆ ಎಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ 1997ರೊಳಗೆ ಎಲ್ಲ ಹಳ್ಳಿಗಳಿಗೂ ಫೋನ್ ತಲುಪಬೇಕು ಎಂದಿತು. ಆಗಲಿಲ್ಲ. 1999ರ ಹೊಸ ನೀತಿ ಗಡುವನ್ನು 2002ಕ್ಕೆ ತಳ್ಳಿತು. ಹಳ್ಳಿಗೊಂದು ಸಾರ್ವಜನಿಕ ಫೋನ್ ಇಟ್ಟರೆ ಆ ಹಳ್ಳಿ ಲೆಕ್ಕಕ್ಕೆ ಬರುತ್ತಿತ್ತು. ಬಯಲುಸೀಮೆಯಲ್ಲಿ ಇದು ಒಪ್ಪುವ ಲೆಕ್ಕವೇ. ಅಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ, ಅಗಸೆ ಬಾಗಿಲಲ್ಲಿ ಕೂಗಿದರೆ ಊರೆಲ್ಲ ಕೇಳುತ್ತದೆ. ತುಳುನಾಡಿನಲ್ಲಿ ಹಾಗೆ ಊರು ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಬೈಲು, ಅಡಿಕೆ ತೋಟದ ನಡುವೆ ಒಂದು ಮನೆ. ನೆರೆಮನೆಗೆ ಹೋಗಲು ತೋಡು ದಾಟಿ ಇನ್ನೊಂದು ಗುಡ್ಡ ಹತ್ತಬೇಕು. ಇಂಥ ಕಡೆ ರೇಷನ್ ಅಂಗಡಿಯ ಪಕ್ಕ ಫೋನ್ ಇಟ್ಟು ಗ್ರಾಮಕ್ಕೆ ಫೋನ್ ಬಂತು ಎಂದು ಬರೆದರೆ, ರಾತ್ರಿ ಹಾವು ಕಚ್ಚಿದವನ ಮನೆಯವರು ಎರಡು ಮೈಲಿ ಓಡಬೇಕಾಗಿತ್ತು.

ಬ್ರಾಡ್‌ಬ್ಯಾಂಡ್ ಬಂದಾಗಲೂ ಇದೇ ಪಾಡು. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಓಡಿದರೆ ಬ್ರಾಡ್‌ಬ್ಯಾಂಡ್. ಅದು 2013ರಲ್ಲಿ 512 ಆಯಿತು, 2 ಮೆಗಾಬಿಟ್ ಆಗಲು 2023 ಬರಬೇಕಾಯಿತು. ತಾಮ್ರದ ತಂತಿಯಲ್ಲಿ ಬರುವ ಇಂಟರ್ನೆಟ್ಟಿಗೆ ದೂರವೇ ಶತ್ರು. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ಆಚೆಗೆ ಅದಕ್ಕೆ ಉಸಿರು ಸಿಕ್ಕಿಕೊಳ್ಳುತ್ತದೆ. ಉಜಿರೆ ಪೇಟೆಯಲ್ಲಿ, ಮೂಡುಬಿದಿರೆಯ ಕಾಲೇಜುಗಳ ಸುತ್ತ ಓಡಿದ್ದು ದಿಡುಪೆಯ ಕಡೆಗೆ ಓಡಲಿಲ್ಲ. ಮಳೆಗಾಲದ ಸಿಡಿಲಿಗೆ ಸತ್ತ ಮೋಡೆಮ್‌ಗಳ ಲೆಕ್ಕ ಬೇರೆ. ಗುಡುಗು ಕೇಳಿದೊಡನೆ ತಂತಿ ಕೀಳುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

ಲಾಭವಿಲ್ಲದ ಕಡೆಗೆ ಬಂಡವಾಳ ಹಾಕುವವರು ಯಾರು? ಕಂಪನಿಗಳ ವರಮಾನದಿಂದ ಶೇ. 5ರಷ್ಟು ತೆಗೆದು ಹಳ್ಳಿಗಳಿಗೆ ಖರ್ಚು ಮಾಡುವ ಸಾರ್ವತ್ರಿಕ ಸೇವಾ ನಿಧಿ 2002ರಲ್ಲೇ ಹುಟ್ಟಿತ್ತು. ಅದರ ದೊಡ್ಡ ಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಸುಮಾರು 20,000 ಕೋಟಿ ರೂಪಾಯಿ ಅಂದಾಜಿನಲ್ಲಿ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತ್‌ಗಳಿಗೆ ಆಪ್ಟಿಕಲ್ ಫೈಬರ್ ಎಳೆಯಲು ಒಪ್ಪಿತು. ಮುಂದೆ ಭಾರತ್‌ನೆಟ್ ಎಂದು ಹೆಸರಾದದ್ದು ಇದೇ. ಗುರಿ ಮತ್ತೆ ಪಂಚಾಯತ್ ಕಟ್ಟಡ. ಅಲ್ಲಿಂದ ಮನೆಗೆ ಯಾರು ಒಯ್ಯಬೇಕು ಎಂಬ ಪ್ರಶ್ನೆಯನ್ನು ಮಾರುಕಟ್ಟೆಗೆ ಬಿಟ್ಟರು. ಹಿಂದೆ ಒಂದು ಫೋನ್ ಇಟ್ಟ ಲೆಕ್ಕವನ್ನೇ ಇಲ್ಲಿ ಬೆಳಕಿನ ವೇಗದಲ್ಲಿ ಮಾಡಿದ್ದಾರೆ ಎಂದು ನನಗೆ ಅನಿಸುತ್ತದೆ.

ಇದು ಬಯಲಾದದ್ದು 2020ರಲ್ಲಿ. ತರಗತಿ ಮೊಬೈಲಿಗೆ ಬಂತು, ಮಕ್ಕಳು ಗುಡ್ಡಕ್ಕೆ ಹೋದರು. ಮರುವರ್ಷದ ಜೂನ್‌ನಲ್ಲಿ ಪಕ್ಕದ ಸುಳ್ಯ ತಾಲ್ಲೂಕಿನ ಬಳ್ಳಕದ ಚಿತ್ರವೊಂದನ್ನು ದೇಶವೆಲ್ಲ ನೋಡಿತು. ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಹುಡುಗಿ, ಮಳೆಯಲ್ಲಿ ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ನಮಗೆ ಆ ಚಿತ್ರದಲ್ಲಿ ಅಚ್ಚರಿಯೇನೂ ಇರಲಿಲ್ಲ. ಬೆಳ್ತಂಗಡಿಯ ಘಟ್ಟದಂಚಿನ ನಾರಾವಿ, ಕುತ್ಲೂರು, ಮಲವಂತಿಗೆ ಕಡೆ ಕುದುರೆಮುಖದ ಕಾಡೂ ಇದೆ. ಅಲ್ಲಿ ಕಂಬ ನೆಡಲೂ ಕೇಬಲ್ ಹೂಳಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ದಾರಿಯ ಹಕ್ಕಿನ ನಿಯಮಗಳು 2016ರಲ್ಲಿ ಬಂದರೂ ಕಾಡಿನ ಕಾಯಿದೆ ಬೇರೆಯೇ. ಕಾಡು ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ, ಹಾಗಾಗಿ ಇಲ್ಲಿ ಯಾರನ್ನು ಬೈಯಲಿ?

ಕೊನೆಗೆ ಆ ಉಳಿದ ದೂರವನ್ನು ಎಷ್ಟೋ ಕಡೆ ದಾಟಿಸಿದವರು ಊರಿನ ಟಿವಿ ಕೇಬಲ್ ಹುಡುಗರು. ಯಾವ ಮನೆ ಯಾವ ತೋಡಿನ ಆಚೆ ಇದೆ ಎಂದು ಗೊತ್ತಿದ್ದವರು ಅವರೇ. 2023ರ ಆಗಸ್ಟಿನಲ್ಲಿ ಸಂಪುಟ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿತು. ಪಂಚಾಯತ್ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೂ ಬೇಡಿಕೆ ಬಂದರೆ ಸಂಪರ್ಕ ಕೊಡುವ ಮಾತು ಅದರಲ್ಲಿದೆ, ಮನೆಯವರೆಗೆ ಎಳೆಯುವ ಕೆಲಸಕ್ಕೆ ಸ್ಥಳೀಯ ಉದ್ಯಮಿಗಳನ್ನು ಸೇರಿಸಿಕೊಳ್ಳುವ ಮಾತೂ ಇದೆ.

ನಮ್ಮ ಮನೆಗೆ ಬಂದ ಫೈಬರ್ ಮೂರು ವಿದ್ಯುತ್ ಕಂಬ, ಒಂದು ಹಲಸಿನ ಮರ, ಹನ್ನೊಂದು ಅಡಿಕೆ ಮರ ಹಾದು ಬಂದಿದೆ. ಗಾಳಿಗೆ ಮರ ಬಿದ್ದ ದಿನ ಆ ಹುಡುಗ ಕತ್ತಿ ಹಿಡಿದೇ ಬರುತ್ತಾನೆ.