ಸಿಮೆಂಟ್ ತುಂಬಿಸಿದ ಹಲ್ಲಿಗೇ ಹೆಚ್ಚು ಜೋಪಾನ

ಕಲಬುರಗಿ: ಹುಳುಕು ಹಲ್ಲಿಗೆ ತುಂಬಿಸಿದ ಸಿಮೆಂಟ್ ಖಡಕ್ ರೊಟ್ಟಿ ಕಡಿಯುವಾಗ ಕಿತ್ತುಬಂದರೆ ಮನೆಮಂದಿ ದೂರುವುದು ರೊಟ್ಟಿಯನ್ನೇ. ಅನೇಕ ಸಂದರ್ಭಗಳಲ್ಲಿ ರೊಟ್ಟಿಯದು ಕೊನೆಯ ಪೆಟ್ಟು ಮಾತ್ರ. ಸಿಮೆಂಟಿನ ಅಂಚಿನಲ್ಲಿ ಸದ್ದಿಲ್ಲದೆ ಬೆಳೆದ ಹೊಸ ಹುಳುಕು ಅದರ ಆಸರೆಯನ್ನು ಮೊದಲೇ ತಿಂದುಹಾಕಿರುತ್ತದೆ.

ಬೆಳ್ಳಿಮಿಶ್ರಣ, ಹಲ್ಲಿನ ಬಣ್ಣದ ಕಾಂಪೋಸಿಟ್, ಪಿಂಗಾಣಿ ಕ್ಯಾಪ್ ಇವು ಯಾವುವೂ ಹುಳುಕಾಗುವುದಿಲ್ಲ. ಹುಳುಕಾಗುವುದು ಅವುಗಳನ್ನು ಹೊತ್ತ ಹಲ್ಲು. ಕೃತಕ ವಸ್ತು ಮತ್ತು ಹಲ್ಲು ಕೂಡುವ ಸಂದಿನಲ್ಲಿ ಆಹಾರದ ಕಣ ನಿಂತರೆ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹೀಗಾಗಿ ತುಂಬಿಸಿದ ಹಲ್ಲು ಮುಟ್ಟದ ಹಲ್ಲಿಗಿಂತ ಹೆಚ್ಚಿನ ಆರೈಕೆ ಬೇಡುತ್ತದೆ. ಚಿಕಿತ್ಸೆ ಮುಗಿಯಿತು ಎಂಬ ಭಾವನೆಯೇ ಇಲ್ಲಿ ದೊಡ್ಡ ಶತ್ರು.

ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡವರ ಸ್ಥಿತಿ ಇನ್ನೂ ಸೂಕ್ಷ್ಮ. ಆ ಹಲ್ಲಿನ ನರವನ್ನು ತೆಗೆದಿರುವುದರಿಂದ ಕ್ಯಾಪಿನ ಕೆಳಗೆ ಕೊಳೆಯುತ್ತಿದ್ದರೂ ತಣ್ಣನೆಯ ನೀರು ಜುಮ್ಮೆನಿಸದು, ನೋವೂ ಕಾಣಿಸದು. ಒಸಡು ಊದಿಕೊಂಡಾಗಲೋ ಕ್ಯಾಪ್ ಕಳಚಿ ಕೈಗೆ ಬಂದಾಗಲೋ ವಿಷಯ ತಿಳಿಯುತ್ತದೆ. ಆಗ ಹಲ್ಲು ಉಳಿಸಲಾಗದೆ ಕೀಳಿಸಬೇಕಾಗಬಹುದು. ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ ತೋರಿಸಿ, ವೈದ್ಯರು ಹೇಳಿದಾಗ ಎಕ್ಸ್‌ರೇ ತೆಗೆಸಬೇಕೆನ್ನುವುದು ಇದೇ ಕಾರಣಕ್ಕೆ. ನಗರದಲ್ಲಿ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜು, ಅಲ್-ಬದರ್ ಗ್ರಾಮೀಣ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ದರ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ.

ಮೊದಲ ದಿನ ಎಚ್ಚರ ಬೇಕು. ಕಾಂಪೋಸಿಟ್ ನೀಲಿ ಬೆಳಕಿಗೆ ಕೂಡಲೇ ಗಟ್ಟಿಯಾಗುತ್ತದೆ. ಬೆಳ್ಳಿಮಿಶ್ರಣ ಪೂರ್ಣ ಬಲ ಪಡೆಯಲು ಸುಮಾರು 24 ಗಂಟೆ ಬೇಕು. ಅಲ್ಲಿಯವರೆಗೆ ಆ ಬದಿಯಲ್ಲಿ ಅಗಿಯಬಾರದು. ತಾತ್ಕಾಲಿಕ ಕ್ಯಾಪ್ ಇರುವಷ್ಟು ದಿನ ಖಡಕ್ ರೊಟ್ಟಿ ಬಿಟ್ಟು ಮೆತ್ತನೆಯ ಬಿಸಿ ರೊಟ್ಟಿ ತಿನ್ನುವುದು ಲೇಸು. ತೊಗರಿಬೇಳೆಯಲ್ಲಿ ಉಳಿದ ಸಣ್ಣ ಹರಳು ಕೂಡ ಪಿಂಗಾಣಿಯನ್ನು ಸಿಡಿಸಬಲ್ಲದು.

ದೀರ್ಘ ಕಾಲದಲ್ಲಿ ಗಟ್ಟಿ ಪದಾರ್ಥಕ್ಕಿಂತ ಅಂಟುವ ಸಿಹಿ ಹೆಚ್ಚು ಅಪಾಯಕಾರಿ. ಕಮಲಾಪುರದ ಹೆಸರಾಂತ ಕೆಂಪು ಬಾಳೆಯನ್ನು ಇದಕ್ಕಾಗಿ ಬಿಡಬೇಕಿಲ್ಲ. ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿದರಾಯಿತು. ದಿನಕ್ಕೆ ಐದಾರು ಸಲ ಸಕ್ಕರೆ ಚಹಾ ಗುಟುಕರಿಸುವ ಅಭ್ಯಾಸವೇ ನಿಜವಾದ ತೊಂದರೆ. ಪ್ರತಿ ಸಲವೂ ಬಾಯಲ್ಲಿ ಆಮ್ಲ ಹುಟ್ಟಿ, ಹಲ್ಲು ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ನಿದ್ರೆಯಲ್ಲಿ ಲಾಲಾರಸ ಕಡಿಮೆಯಾಗುವುದರಿಂದ ರಾತ್ರಿಯ ಹಲ್ಲುಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ. ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್, ಎರಡು ನಿಮಿಷ ಸಾಕು. ಉಜ್ಜಿದ ಮೇಲೆ ಪೇಸ್ಟ್ ಉಗುಳಬೇಕೇ ಹೊರತು ಹೆಚ್ಚು ನೀರಿನಿಂದ ತೊಳೆದುಬಿಡಬಾರದು. ಬ್ರಷ್ ತಲುಪದ ಸಂದಿಗೆ ದಂತದಾರ ಬೇಕು. ಸೇತುವೆ ಹಲ್ಲು ಕಟ್ಟಿಸಿಕೊಂಡವರಿಗೆ ದಾರ ಮೇಲಿನಿಂದ ಇಳಿಯದು. ಸಂದಿಗೆ ತೂರುವ ಸಣ್ಣ ಬ್ರಷ್ ಬಳಸಬೇಕು. ಬೇವಿನ ಕಡ್ಡಿಯ ಮೇಲಿನ ನಂಬಿಕೆ ಹಳೆಯದಾದರೂ, ಹೆಚ್ಚಾಗಿ ಸಿಮೆಂಟ್ ಬೀಳುವ ಹಿಂದಿನ ದವಡೆ ಹಲ್ಲಿನ ಒಳಬದಿಗೆ ಅದು ಸರಿಯಾಗಿ ಮುಟ್ಟುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಕಾಂಪೋಸಿಟ್‌ನ ನುಣುಪನ್ನು ಗೀರುತ್ತವೆ.

ಜಿಲ್ಲೆಯ ಕೆಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಮೂಡಿರುತ್ತದೆ. ಕಲೆ ತೀವ್ರವಾಗಿದ್ದರೆ ಕಾಂಪೋಸಿಟ್ ಗಟ್ಟಿಯಾಗಿ ಹಿಡಿಯುವುದೂ ಕಷ್ಟ. ಇಂಥ ಊರಿನವರು ಅದನ್ನು ಮೊದಲೇ ದಂತವೈದ್ಯರಿಗೆ ತಿಳಿಸುವುದು ಒಳಿತು. ಮಕ್ಕಳ ಪೇಸ್ಟ್ ಕುರಿತೂ ಅವರನ್ನೇ ಕೇಳಬೇಕು.

ಗುಟ್ಕಾ ನಿಷೇಧ ರಾಜ್ಯದಲ್ಲಿ 2013ರಲ್ಲೇ ಜಾರಿಗೆ ಬಂದರೂ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಸಿಗುತ್ತಿವೆ. ಅಡಿಕೆ ಚೂರು ಸಿಮೆಂಟನ್ನು ಸವೆಸುತ್ತದೆ, ಕಾಂಪೋಸಿಟ್‌ಗೆ ಕಲೆ ಕಟ್ಟುತ್ತದೆ. ಇದಕ್ಕಿಂತ ಗಂಭೀರ ಸಂಗತಿ ಇನ್ನೊಂದಿದೆ. ಅಡಿಕೆ ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪೊರೆ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಬಹುದು. ಆ ಬಾಯಿಯ ಹಿಂದಿನ ಹಲ್ಲಿಗೆ ವೈದ್ಯರ ಉಪಕರಣ ಹೋಗುವುದೇ ಇಲ್ಲ. ಈ ಬಿಗಿತ ಕ್ಯಾನ್ಸರ್‌ಗೂ ತಿರುಗಬಲ್ಲದು.

ಕ್ಯಾಪ್ ಕಳಚಿ ಬಿದ್ದರೆ ಎಸೆಯದೆ ತೊಳೆದು ಸಣ್ಣ ಡಬ್ಬಿಯಲ್ಲಿಟ್ಟುಕೊಳ್ಳಬೇಕು. ಹಲ್ಲು ಗಟ್ಟಿಯಾಗಿದ್ದರೆ ಅದೇ ಕ್ಯಾಪನ್ನು ವೈದ್ಯರು ಮತ್ತೆ ಕೂರಿಸುವ ಸಾಧ್ಯತೆ ಇರುತ್ತದೆ. ಅಂಗಡಿಯ ಅಂಟಿನಿಂದ ಮನೆಯಲ್ಲೇ ಅಂಟಿಸಿಕೊಳ್ಳುವುದು ಒಸಡನ್ನು ಸುಡುತ್ತದೆ, ಕ್ಯಾಪನ್ನೂ ಕೆಡಿಸುತ್ತದೆ. ಕಮಲಾಪುರದಂಥ ಕಡೆಯಿಂದ ನಗರಕ್ಕೆ ಬರಬೇಕಾದವರು ಸಂತೆ, ಸುಗ್ಗಿ ಎಂದು ವಾರಗಟ್ಟಲೆ ಮುಂದೂಡಿದರೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಹಳೆಯ ಕ್ಯಾಪ್ ಆಗ ಕೂರುವುದಿಲ್ಲ.