ತುಕ್ಕು ಉಳಿಸಿದ ಕಾರು

ತುಕ್ಕು ಹಿಡಿದು ಗುಜರಿ ಸೇರಿದ ಕಾರುಗಳನ್ನು ಎಲ್ಲರೂ ನೋಡಿದ್ದೀವಿ. ತುಕ್ಕಿನ ದೆಸೆಯಿಂದಲೇ ಮರುಹುಟ್ಟು ಪಡೆದ ಕಾರೊಂದಿದೆ ಅಂದ್ರೆ ನಂಬ್ತೀರಾ? ಬ್ರಿಟನ್ನಿನ ಎಂಜಿಬಿ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಕಥೆ ಇದು. ಕೆಲವು ದಿನಗಳಿಂದ ಇದನ್ನೇ ಓದ್ತಾ ಕೂತಿದ್ದೀನಿ, ನಿಮಗೂ ಹೇಳಿಬಿಡೋಣ ಅಂತ.

ಎಂಜಿ ಅಂದ್ರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ನಡೆಸುತ್ತಿದ್ದ ಕಾರು ಮಾರಾಟದ ಅಂಗಡಿ. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಮಾಮೂಲಿ ಮಾರಿಸ್ ಕಾರುಗಳಿಗೆ ಚಂದದ ಬಾಡಿ ಕೂರಿಸಿ ಮಾರೋಕೆ ಶುರುಮಾಡಿದ. 1929ರಲ್ಲಿ ಕಾರ್ಖಾನೆ ಪಕ್ಕದ ಆಬಿಂಗ್ಡನ್ ಊರಿಗೆ ಹೋಯಿತು. 1962ರಲ್ಲಿ ಅಲ್ಲಿಂದ ಎಂಜಿಬಿ ಹೊರಬಂತು.

ನಮ್ಮ ಅಂಬಾಸಿಡರ್‌ಗೂ ಇದಕ್ಕೂ ನೆಂಟಸ್ತಿಕೆ ಇದೆ! ಅಂಬಾಸಿಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್. ಅದರಲ್ಲಿ ವರ್ಷಾನುಗಟ್ಟಲೆ ಇದ್ದ 1489 ಸಿಸಿ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ‘ಬಿ ಸೀರೀಸ್’ ಮನೆತನದವು. ಅಣ್ಣ ಇಲ್ಲಿ ಮದುವೆ ದಿಬ್ಬಣ ಹೊತ್ತ, ತಮ್ಮ ಅಲ್ಲಿ ಶೋಕಿ ಮಾಡಿದ :)

ಇನ್ನು ತುಕ್ಕಿನ ವಿಷಯ. ಹಿಂದಿನ ಎಂಜಿಎ ಕಾರಿಗೆ ಬೇರೆಯೇ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ, ಬಾಡಿಯೇ ಚಾಸಿ. ಮೇಲೆ ಗಟ್ಟಿ ಚಾವಣಿಯೂ ಇಲ್ಲ. ಹಾಗಾಗಿ ಇಡೀ ಕಾರಿನ ಬಲ ಬಾಗಿಲುಗಳ ಕೆಳಗೆ ಓಡುವ ಪೆಟ್ಟಿಗೆಯಂಥ ಎರಡು ಸಿಲ್‌ಗಳ ಮೇಲೆ. ಮೂರು ಪದರ ತಗಡು ಸೇರಿಸಿ ಮಾಡಿದ ಈ ಸಿಲ್ ಒಳಗೆ ಟೊಳ್ಳು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟಬಾರದು ಅಂತ ರಸ್ತೆಗೆ ಉಪ್ಪು ಹಾಕ್ತಾರೆ. ಉಪ್ಪುನೀರು ಒಳಗೆ ಸೇರಿದರೆ ಮುಗೀತು. ಹೊರಗೆ ಪೇಂಟ್ ಫಳಫಳ, ಒಳಗೆ ಗೆದ್ದಲು ತಿಂದ ತೊಲೆ!

ಬ್ರಿಟನ್ನಿನಲ್ಲಿ 1960ರಿಂದ ಹಳೆಯ ಕಾರುಗಳಿಗೆ ಪ್ರತಿವರ್ಷ ಎಂಒಟಿ ಅನ್ನೋ ಪರೀಕ್ಷೆ ಬಂತು. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ, 1967ರಿಂದ ಮೂರು ವರ್ಷ ದಾಟಿದ್ದಕ್ಕೆಲ್ಲ. ಭಾರ ಹೊರುವ ಜಾಗ ಕೊಳೆತಿದ್ದರೆ ಫೇಲು. ಸಿಲ್ ಬದಲಿಸೋದು ದಿನಗಟ್ಟಲೆ ಕೆಲಸ, ಹಳೇ ಕಾರಿಗಿಂತ ಕೂಲಿಯೇ ದುಬಾರಿ ಆಗಬಹುದು. ಉಳಿದದ್ದು ಎರಡೇ ದಾರಿ: ಗುಜರಿ, ಇಲ್ಲಾ ಮನೆಯ ಶೆಡ್ಡಿನಲ್ಲಿ ತಾವೇ ವೆಲ್ಡಿಂಗ್ ಕಲಿಯೋದು. ಎಷ್ಟೋ ಜನ ಎರಡನೆಯದನ್ನು ಹಿಡಿದರು.

ಅದೇನು ಸುಲಭದ ಟಿಂಕರಿಂಗ್ ಅಲ್ಲ. ಸಿಲ್‌ನ ತುದಿಗಳು ಮಡ್‌ಗಾರ್ಡ್‌ಗಳ ಹಿಂದೆ ಅವಿತಿರುತ್ತವೆ. ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನದರ ಕೆಳತುದಿ ಕತ್ತರಿಸಬೇಕು. ಎರಡೂ ಕಡೆ ಒಟ್ಟಿಗೆ ಕತ್ತರಿಸೋ ಹಾಗಿಲ್ಲ, ಕಾರು ನಡುವಿನಲ್ಲಿ ಜೋತುಬೀಳುತ್ತೆ. ಅದಕ್ಕೇ ಬಾಗಿಲಿನ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಸರಳು ಬಿಗಿದು, ಸ್ಟ್ಯಾಂಡಿನ ಮೇಲೆ ಸಮವಾಗಿ ಕೂರಿಸಿ, ಒಂದು ಪಕ್ಕ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕೋದು. ಪ್ರತಿ ಹಂತದಲ್ಲೂ ಬಾಗಿಲು ತೂಗಿಸಿ ಸಂದು ನೋಡ್ತಾರೆ. ಸಂದು ತಪ್ಪಿದರೆ ಆ ಬಾಗಿಲು ಆಮೇಲೆ ಸರಿಯಾಗಿ ಮುಚ್ಚೋದೇ ಇಲ್ಲ.

1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು. ಅಷ್ಟರಲ್ಲಿ ತಯಾರಾಗಿದ್ದ ಎಂಜಿಬಿಗಳು 5 ಲಕ್ಷಕ್ಕೂ ಹೆಚ್ಚು. ಕಂಪನಿ ಕೈಬಿಟ್ಟರೂ ಶೆಡ್ಡುಗಳಲ್ಲಿ ಕೆಲಸ ನಿಲ್ಲಲಿಲ್ಲ, ತಗಡಿನ ಬೇಡಿಕೆಯೂ ನಿಲ್ಲಲಿಲ್ಲ. ಕೊನೆಗೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು, 1988ರಿಂದ ಫ್ಯಾರಿಂಗ್ಡನ್ನಿನಲ್ಲಿ ಇಡೀ ಬಾಡಿಯನ್ನೇ ಹೊಸದಾಗಿ ಮಾಡೋಕೆ ಶುರುಮಾಡಿತು! ಕೊಳೆತ ಕಾರಿನ ಎಂಜಿನ್, ಆಕ್ಸಲ್, ಸೀಟು ಬಿಚ್ಚಿ ಹೊಸ ಮೈಗೆ ಜೋಡಿಸಿಕೊಂಡರಾಯ್ತು.

1989ರಲ್ಲಿ ಜಪಾನಿನ ಮಾಜ್ದಾ ಎಂಎಕ್ಸ್-5 ಬಂದು, ತೆರೆದ ಪುಟ್ಟ ಕಾರಿಗೆ ಈಗಲೂ ಗಿರಾಕಿ ಇದ್ದಾರೆ ಅಂತ ತೋರಿಸಿಕೊಟ್ಟಿತು. ಆಗ ರೋವರ್ ಕಂಪನಿ ಮೊರೆಹೋದದ್ದು ಇದೇ ಹೆರಿಟೇಜ್ ಬಾಡಿಗೆ. ಅದನ್ನೇ ತಿದ್ದಿ ದೊಡ್ಡ ವಿ8 ಎಂಜಿನ್ ಇಟ್ಟು, 1992ರಲ್ಲಿ ಎಂಜಿ ಆರ್‌ವಿ8 ತಂದರು. ಸುಮಾರು 2000 ಕಾರು ತಯಾರಾದವು, ಹೆಚ್ಚಿನವು ಹೋದದ್ದು ಜಪಾನಿಗೆ. 1995ರಲ್ಲಿ ಪೂರ್ತಿ ಹೊಸದಾದ ಎಂಜಿಎಫ್ ಬಂತು. ಇತಿಹಾಸದ ಪುಸ್ತಕಗಳಲ್ಲಿ ಇದು ಕಂಪನಿಗಳ ಕಥೆ. ನನಗೆ ಮಾತ್ರ ಇದು ಶೆಡ್ಡಿನಲ್ಲಿ ಬೆನ್ನು ಬಗ್ಗಿಸಿ ತಗಡು ಕತ್ತರಿಸಿದವರ ಕಥೆ. ಅವರು ಕೊಳ್ಳದಿದ್ದರೆ ಆ ಅಚ್ಚುಗಳನ್ನು ಯಾರು ಹುಡುಕ್ತಿದ್ದರು?

ಒಂದು ತಕರಾರು ಉಳಿಯುತ್ತೆ. ಮೈಯೆಲ್ಲ ಹೊಸದಾದ ಮೇಲೆ ಅದು ಅದೇ ಕಾರಾ? ಬದಲಾಯಿಸಿದ ಗಾಡಿಗಳ ಗುರುತು ತೀರ್ಮಾನಿಸೋಕೆ ಬ್ರಿಟಿಷ್ ಸರ್ಕಾರ ಬಹುಕಾಲ ಅಂಕ ಕೊಡುತ್ತಿತ್ತು. ಹಳೇ ನಂಬರ್ ಉಳಿಯೋಕೆ 8 ಅಂಕ ಬೇಕು. ಬಾಡಿಗೆ 5, ಎಂಜಿನ್‌ಗೆ ಬರೀ 1! ತಮಾಷೆ ಅಂದ್ರೆ, ಹಳೆಯದು ಇಲ್ಲದಿದ್ದರೂ ತಯಾರಕರಿಂದಲೇ ತಂದ, ಬದಲಾವಣೆ ಮಾಡದ ಹೊಸ ಬಾಡಿಗೂ ಅದೇ 5. ಕಾನೂನಿಗೆ ಹಳೇ ಕಬ್ಬಿಣ ಬೇಕಿರಲಿಲ್ಲ, ಹಳೇ ರೂಪ ಉಳಿದಿದ್ದರೆ ಸಾಕಿತ್ತು. ನನಗೂ ಅದೇ ಸರಿ ಅನ್ನಿಸುತ್ತೆ. ಜೀರ್ಣೋದ್ಧಾರ ಆದ ದೇವಸ್ಥಾನವನ್ನು ನಾವು ಹೊಸ ದೇವಸ್ಥಾನ ಅಂತೀವಾ?

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅಚ್ಚುಗಳನ್ನು ಯಾರಾದರೂ ಹುಡುಕಿ ತರೋ ಮೊದಲು, ಶೆಡ್ಡಿನಲ್ಲಿ ತಗಡಿಗಾಗಿ ಕಾಯುವವರು ಇರಬೇಕು. ನಮ್ಮಲ್ಲಿ ಅಂಥವರು ಎಷ್ಟು ಜನ? ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಖಂಡಿತ ಬರೆಯಿರಿ.