ಹೆಸರಿಲ್ಲದ ಬಿಲ್ಲೆಗಳು

ಯುದ್ಧವೊಂದು ಮುಗಿದ ಮೇಲೆ ಸೇನಾನಿಗಳು ತಮ್ಮ ಆತ್ಮಕಥೆಗಳನ್ನು ಬರೆಯುತ್ತಾರೆ. ಇತಿಹಾಸಕಾರರು ಅವುಗಳನ್ನು ಒರೆಗೆ ಹಚ್ಚುತ್ತಾರೆ. ಕಾದಿದ ಸಾಮಾನ್ಯ ಸಿಪಾಯಿ ಮಾತ್ರ ಏನನ್ನೂ ಬರೆಯದೆ ಊರಿಗೆ ಮರಳುತ್ತಾನೆ. ಅವನ ಟ್ರಂಕಿನ ತಳದಲ್ಲಿ ಒಂದು ಮಾಸಿದ ಕೋಟು, ತೋಳಿನಿಂದ ಬಿಚ್ಚಿದ ಒಂದು ಬಟ್ಟೆಯ ಗುರುತು, ಒಂದೆರಡು ಹಿತ್ತಾಳೆಯ ಬಿಲ್ಲೆಗಳು ಉಳಿದಿರುತ್ತವೆ. ಮಕ್ಕಳು ಅವುಗಳೊಡನೆ ಆಡುತ್ತಾರೆ. ಮೊಮ್ಮಕ್ಕಳು ಗುಜರಿಯವನಿಗೆ ಹಾಕುತ್ತಾರೆ. ಅಲ್ಲಿಂದ ಅವು ಸಂಗ್ರಾಹಕನ ಕೈ ಸೇರುತ್ತವೆ. ಹಳೆಯ ಸೈನಿಕರ ಅಂಗಿ, ಬಿಲ್ಲೆಗಳನ್ನು ಹಣ ಕೊಟ್ಟು ಕೂಡಿಹಾಕುವುದು ಹುಚ್ಚೆಂದು ನಗುವವರುಂಟು. ನನಗೆ ಹಾಗೆನ್ನಿಸುವುದಿಲ್ಲ. ಅದೂ ಇತಿಹಾಸದ ಒಂದು ಆಕರವೇ. ಆದರೆ ಒಂದು ಷರತ್ತಿನ ಮೇಲೆ. ಆ ಷರತ್ತೇನೆಂಬುದನ್ನು ಹೇಳುವುದೇ ಈ ಮಾತಿನ ಉದ್ದೇಶ.

ಈ ಗುರುತುಗಳು ಹುಟ್ಟಿದ್ದಾದರೂ ಏಕೆ? ಹಿಂದೆ ಬ್ರಿಟಿಷರ ಸೈನಿಕರು ಕೆಂಪು ಕೋಟು ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದರು. 19ನೆಯ ಶತಮಾನದ ನಡುವಿನಲ್ಲಿ ಪಂಜಾಬಿನ ಗಡಿಯಲ್ಲಿದ್ದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಉಡುಪನ್ನು ತೊಟ್ಟಿತು. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. ಧೂಳಿನ ಬಣ್ಣದ್ದು ಖಾಕಿ. ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಲೋಕದ ಸೈನ್ಯಗಳೆಲ್ಲ ಒಂದೊಂದಾಗಿ ಇಂಥ ಮಂಕು ಬಣ್ಣಗಳನ್ನು ಒಪ್ಪಿದವು. ಎಲ್ಲರೂ ಧೂಳಿನ ಬಣ್ಣದವರಾದಾಗ ತನ್ನವನು ಯಾರು, ಯಾವ ತುಕಡಿಯವನು ಎಂದು ತಿಳಿಯುವುದು ಕಷ್ಟವಾಯಿತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಪಡೆಗಳು ಬಣ್ಣದ ಬಟ್ಟೆಯ ತುಂಡುಗಳನ್ನು ಅಂಗಿಗೆ ಹೊಲಿದುಕೊಂಡವು. 1918ರಲ್ಲಿ ಅಮೆರಿಕದ 81ನೆಯ ಡಿವಿಜನ್ನಿನವರು ಕಾಡುಬೆಕ್ಕಿನ ಚಿತ್ರವನ್ನು ತೋಳಿಗೆ ಹಚ್ಚಿಕೊಂಡು ಫ್ರಾನ್ಸಿಗೆ ಹೋದರು. ಉಳಿದವರು ಮೊದಮೊದಲು ಆಕ್ಷೇಪಿಸಿದರೂ ಕೊನೆಗೆ ಆ ಸೈನ್ಯದ ಡಿವಿಜನ್ನುಗಳಿಗೆಲ್ಲ ಅಂಥ ಗುರುತು ಬಂದಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತೀಯ ಸೈನ್ಯದಲ್ಲಿ 25 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಭಾಷೆ, ಮತ, ಲಿಪಿಗಳು ಬೇರೆಬೇರೆಯಾಗಿದ್ದ ಆ ಜನಸಮುದ್ರಕ್ಕೆ ಚಿತ್ರವೇ ಸಾಮಾನ್ಯ ಭಾಷೆಯಾಯಿತು. 4ನೆಯ ಡಿವಿಜನ್ನಿನದು ಕೆಂಪು ಗರುಡ; 1941ರಲ್ಲಿ ಎರಿಟ್ರಿಯದ ಕೆರೆನ್‌ನಲ್ಲಿಯೂ 1944ರಲ್ಲಿ ಇಟಲಿಯ ಕಸೀನೊದಲ್ಲಿಯೂ ಕಾದಿದವರು ಇವರು. 5ನೆಯದು ಕಪ್ಪಿನ ಮೇಲೆ ಕೆಂಪು ವೃತ್ತ. ಅದನ್ನು ಬೆಂಕಿಯ ಚೆಂಡೆಂದು ಕರೆದರು. 7ನೆಯದು ಚಿನ್ನದ ಬಾಣ. 17ನೆಯದಕ್ಕೆ ಮೊದಲು ಮಿಂಚಿನ ಗುರುತಿದ್ದು ಆಮೇಲೆ ಕರಿಬೆಕ್ಕು ಬಂದಿತು. ಕಠಾರಿ ಹಿಡಿದ ಕೈಯನ್ನು ಧರಿಸಿದ 19ನೆಯ ಡಿವಿಜನ್ 1945ರ ಮಾರ್ಚಿಯಲ್ಲಿ ಮಾಂಡಲೆಯನ್ನು ಹಿಡಿಯಿತು. ಓದುಬರಹ ಬಾರದ ಸಿಪಾಯಿಯೂ ತಾನು ಗರುಡದವನೋ ಬೆಕ್ಕಿನವನೋ ಎಂಬುದನ್ನು ಮರೆಯುವಂತಿರಲಿಲ್ಲ.

ಅದೇ ಯುದ್ಧದಲ್ಲಿ ಅಮೆರಿಕದ ಸೈನ್ಯವೂ ನಮ್ಮ ದೇಶಕ್ಕೆ ಬಂದಿತು. 1940ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ವಶಕ್ಕೆ ಹೋಗಿ, ಅವರ ವಿಮಾನಗಳ ದುರಸ್ತಿಯ ತಾಣವಾಯಿತು. ಚೀನಾ, ಬರ್ಮಾ, ಭಾರತ ರಂಗದಲ್ಲಿದ್ದ ಈ ಸೈನಿಕರ ತೋಳಿನಲ್ಲಿ ಒಂದು ಗುರಾಣಿ. ಕೆಳಗೆ ಕೆಂಪು ಬಿಳಿ ಪಟ್ಟೆಗಳು, ಮೇಲೆ ಚೀನದ ಸೂರ್ಯ ಮತ್ತು ಭಾರತದ ನಕ್ಷತ್ರ. ವೈಮಾನಿಕರು ತೊಗಲಿನ ಜಾಕೆಟ್ಟಿನ ಬೆನ್ನಿಗೆ ಬಟ್ಟೆಯ ಪತ್ರವೊಂದನ್ನು ಹೊಲಿಸಿಕೊಳ್ಳುತ್ತಿದ್ದುದೂ ಉಂಟು. ಯುದ್ಧದಲ್ಲಿ ನೆರವಾಗಲು ಬಂದ ಈ ಪರದೇಶಿಯನ್ನು ಕಾಪಾಡಿರೆಂದು ಅದರಲ್ಲಿ ಚೀನೀ ಭಾಷೆಯಲ್ಲಿ ಬರೆದಿರುತ್ತಿತ್ತು. ಆ ತೋಳಿನ ಗುರುತುಗಳಲ್ಲಿ ಎಷ್ಟೋ ನಮ್ಮ ಬಜಾರುಗಳಲ್ಲಿಯೇ ತಯಾರಾದವು. ಕಸೂತಿಯವರು ಜರಿಯ ಎಳೆಗಳಿಂದ ಅವುಗಳನ್ನು ತುಂಬಿದರು. ಯಂತ್ರದಲ್ಲಿ ನೆಯ್ದ ಗುರುತಿಗಿಂತ ಈ ಕೈಕಸೂತಿಯ ಗುರುತನ್ನೇ ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ತೊಟ್ಟವನ ಹೆಸರು ಒಮ್ಮೊಮ್ಮೆ ಸಿಕ್ಕೀತು. ಹೊಲಿದವನ ಹೆಸರು ಎಲ್ಲಿಯೂ ಸಿಕ್ಕದು.

ಬೇಡಿಕೆಯಿದ್ದಲ್ಲಿ ಕೃತಕವೂ ಹುಟ್ಟುತ್ತದೆ. ಹಳೆಯದರಂತೆ ಕಾಣುವ ಹೊಸ ಗುರುತುಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅವುಗಳನ್ನು ಕಂಡುಹಿಡಿಯಲು ಸಂಗ್ರಾಹಕರು ನೇರಳಾತೀತ ಬೆಳಕನ್ನು ಹಾಯಿಸುತ್ತಾರೆ. ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾದದ್ದು ಯುದ್ಧಾನಂತರ. ಆದ್ದರಿಂದ ಹೊಸ ದಾರ ಆ ಬೆಳಕಿನಲ್ಲಿ ಬೆಳ್ಳಗೆ ಹೊಳೆದು ತನ್ನ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ಆದರೆ ಕೃತಕವಸ್ತುವಿಗಿಂತ ದೊಡ್ಡ ಹಾನಿ ಬೇರೊಂದಿದೆ. ಒಬ್ಬನ ಕೋಟಿನಿಂದ ಬಿಲ್ಲೆಯನ್ನು ಕಿತ್ತು, ಪದಕವನ್ನು ಬೇರ್ಪಡಿಸಿ, ಬಿಡಿಬಿಡಿಯಾಗಿ ಮಾರುವುದು ಅದು. ಹೆಚ್ಚು ಹಣ ಬರುತ್ತದೆ, ನಿಜ. ಆದರೆ ಒಬ್ಬ ಮನುಷ್ಯನ ಸಾಕ್ಷ್ಯ ನಾಲ್ಕು ಪಾಲಾಗಿ ಹೋಗುತ್ತದೆ.

ಪದಕಗಳ ಕಥೆಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸರಕಾರ ಸುಮಾರು 65 ಲಕ್ಷ ಬೆಳ್ಳಿಯ ಯುದ್ಧಪದಕಗಳನ್ನು ಹಂಚಿತು. ಅಂಚಿನಲ್ಲಿ ಪಡೆದವನ ಹೆಸರನ್ನು ಕೊರೆದಿರುತ್ತಿದ್ದರು. ಭಾರತ, ಚೀನ, ಮಾಲ್ಟಾಗಳಿಂದ ಬಂದು ಹೊರೆ ಹೊತ್ತ, ರಸ್ತೆ ಕಡಿದ ಕೂಲಿದಳದವರಿಗೆ ಬೆಳ್ಳಿ ದೊರೆಯಲಿಲ್ಲ. ಅದೇ ಪದಕ ಕಂಚಿನಲ್ಲಿ ದೊರೆಯಿತು, ಸುಮಾರು 1,10,000. 1979-80ರಲ್ಲಿ ಬೆಳ್ಳಿಯ ಬೆಲೆ ವಿಪರೀತವಾಗಿ ಏರಿದಾಗ ಅಸಂಖ್ಯ ಬೆಳ್ಳಿಯ ಪದಕಗಳು ಮೂಸೆಗೆ ಬಿದ್ದು ಕರಗಿದವು. ಅಂಚಿನ ಹೆಸರುಗಳೂ ಅವುಗಳೊಡನೆ ಕರಗಿದವು. ಕಂಚನ್ನು ಯಾರೂ ಕೇಳಲಿಲ್ಲ. ಕೀಳೆಂದು ಕೊಟ್ಟ ಲೋಹವೇ ಕೂಲಿಯವನ ಹೆಸರನ್ನು ಕಾಪಾಡಿತು.

ಹೆಸರಿನ ಬೆಲೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸತ್ತವನು ಯಾರು, ಯಾವ ಕಾಳಗ, ಕಲ್ಲು ನಿಲ್ಲಿಸಿದವರು ಯಾರು ಎಂಬುದು ಎಷ್ಟೋ ಕಲ್ಲುಗಳಲ್ಲಿ ಅಕ್ಷರವಾಗಿ ನಿಂತಿದೆ. 10ನೆಯ ಶತಮಾನದ ಆತಕೂರು ಶಾಸನ ಗಂಗರ ಬೂತುಗನ ಬಂಟನಾದ ಮಣಲೆರನನ್ನು ಹೆಸರಿಸುತ್ತದೆ. ಅಷ್ಟೇ ಅಲ್ಲ, ಹಂದಿಯೊಡನೆ ಹೋರಾಡಿ ಸತ್ತ ಅವನ ಬೇಟೆನಾಯಿಯನ್ನೂ ಕಾಳಿ ಎಂದು ಹೆಸರಿಟ್ಟು ಹೇಳುತ್ತದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. 80 ವರ್ಷದ ಹಿಂದೆ ಕೆಂಪು ಗರುಡವನ್ನು ಧರಿಸಿದವನ ಹೆಸರು ಅವನ ಮನೆಯಲ್ಲಿಯೇ ಮರೆತುಹೋಗಿರುತ್ತದೆ.

ನಮ್ಮಲ್ಲಿಯೂ ಇಂಥ ಮನೆಗಳಿಗೆ ಕೊರತೆಯಿಲ್ಲ. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದುದನ್ನು ಎಲ್ಲರೂ ಬಲ್ಲರು. ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ 61ನೆಯ ಕ್ಯಾವಲ್ರಿಯ ಬಿಲ್ಲೆಯ ಮೇಲೆ ಎರಡು ತಲೆಯ ಹಕ್ಕಿಯಿದೆ. ಅದನ್ನು ಕಂಡ ಕನ್ನಡಿಗನಿಗೆ ಗಂಡಭೇರುಂಡ ನೆನಪಾಗದಿರದು. ಲಾಂಛನ ಹೀಗೆ ಉಳಿಯುತ್ತದೆ. ಅದನ್ನು ಧರಿಸಿದ ಸವಾರ ಉಳಿಯುವುದಿಲ್ಲ.

ಆರಂಭದಲ್ಲಿ ಹೇಳಿದ ಷರತ್ತು ಇಷ್ಟೇ: ಬಿಲ್ಲೆಯನ್ನು ಕೂಡಿಡುವವನು ಹೆಸರನ್ನೂ ಕೂಡಿಡಬೇಕು. ನಿಮ್ಮ ಮನೆಯ ಅಟ್ಟದ ಮೇಲೆ ಅಂಥ ಟ್ರಂಕೊಂದಿದ್ದರೆ ಇಳಿಸಿ ನೋಡಿ. ಹಿತ್ತಾಳೆಯನ್ನು ಉಜ್ಜಿ ಬೆಳಗುವ ಅವಸರ ಬೇಡ. ಮೊದಲು ಮನೆಯ ಹಿರಿಯರನ್ನು ಕೇಳಿ, ತೊಟ್ಟವನ ಹೆಸರು, ಊರು, ದಳ, ಹೋಗಿಬಂದ ದೇಶ, ಗೊತ್ತಿದ್ದಷ್ಟನ್ನು ಒಂದು ಕಾಗದದಲ್ಲಿ ಬರೆದು ಅದರೊಡನೆ ಇಡಿ. ಕೇಳಬೇಕಾದವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.